ಹೊರಡುವ ಮುನ್ನ ಡ್ರಾಯರ್ ತೆರೆದಿಡಿ: ಕುರ್ಚಿ ಬಿಡಲಿರುವ ನಾಯಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಅವಧಿ ಮುಗಿಯುತ್ತಾ ಬಂತು. ನೀವು ದೇಶ ನಡೆಸಿದವರಿರಬಹುದು, ಕಂಪನಿ ನಡೆಸಿದವರಿರಬಹುದು, ಒಂದು ಸಂಘದ ಅಧ್ಯಕ್ಷರೂ ಇರಬಹುದು. ಕುರ್ಚಿ ದೊಡ್ಡದೋ ಚಿಕ್ಕದೋ, ಬಿಡುವ ದಿನ ಹತ್ತಿರ ಬಂದಾಗ ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ಆಡುತ್ತಾರೆ. ಇದನ್ನು ಧೈರ್ಯವಾಗಿಯೇ ಹೇಳುತ್ತಿದ್ದೇನೆ. ಇಪ್ಪತ್ತಾರು ವರ್ಷ ನಾನು ಒಂದು ಕಚೇರಿಯಲ್ಲಿ ಆಪ್ತ ಸಹಾಯಕನಾಗಿದ್ದೆ. ಐದು ಜನ ಮುಖ್ಯಸ್ಥರು ಬಂದರು, ಐದೂ ಜನ ಹೋದರು. ಬರುವಾಗ ಐವರೂ ಐದು ಥರ. ಹೋಗುವಾಗ ಮಾತ್ರ, ಒಬ್ಬರನ್ನು ಬಿಟ್ಟರೆ, ಎಲ್ಲರೂ ಒಂದೇ.

ಕೊನೆಯ ತಿಂಗಳು ಹೇಗಿರುತ್ತೆ ಅಂತ ನಿಮಗೆ ಈಗ ಗೊತ್ತಾಗಿರಬೇಕು. ಮೊದಲು ಫೋನು ಸುಮ್ಮನಾಗುತ್ತದೆ. ಆಮೇಲೆ ಬಾಗಿಲ ಹೊರಗಿನ ಬೆಂಚು ಖಾಲಿಯಾಗುತ್ತದೆ. ನಿನ್ನೆಯವರೆಗೆ ಐದು ನಿಮಿಷ ಸಿಕ್ಕರೆ ಸಾಕು ಅಂತ ಕಾಯುತ್ತಿದ್ದವರು, ಮುಂದೆ ಬರುವವರ ಮನೆ ವಿಳಾಸ ಹುಡುಕುತ್ತಿರುತ್ತಾರೆ. ಆ ಖಾಲಿ ಹೊತ್ತಿನಲ್ಲೇ ಸಾಹೇಬರಿಗೆ ಇತಿಹಾಸ ನೆನಪಾಗುವುದು. ನನ್ನ ಮೊದಲ ಮುಖ್ಯಸ್ಥರು ಒಂದು ಮಧ್ಯಾಹ್ನ ಕರೆದು, "ನನ್ನ ಕಾಲದಲ್ಲಿ ಏನೇನಾಯ್ತು, ಒಂದು ಪಟ್ಟಿ ಮಾಡ್ರಿ" ಅಂದರು. ಮಾಡಿದೆ. ಹದಿನಾಲ್ಕು ಪುಟ ಬಂತು. ನಾನಿನ್ನೂ ಹೊಸಬ, ಸುಮ್ನೆ ಇರಬೇಕಿತ್ತು. "ಆಗದೇ ಉಳಿದಿದ್ದನ್ನೂ ಸೇರಿಸಲಾ ಸರ್?" ಅಂತ ಕೇಳಿಬಿಟ್ಟೆ. ಕನ್ನಡಕದ ಮೇಲಿಂದ ನೋಡಿದರು. "ಅದನ್ನ ಮುಂದಿನವರು ನೋಡ್ಕೋತಾರೆ ಬಿಡ್ರಿ" ಅಂದರು.

ಈ ಪತ್ರ ಇರುವುದೇ ಆ ಸೇರಿಸದ ಪಟ್ಟಿಯ ಬಗ್ಗೆ.

ಅದೇ ಮುಖ್ಯಸ್ಥರು ಕೊನೆಯ ನಾಲ್ಕು ರಾತ್ರಿ ಕಚೇರಿಯಲ್ಲೇ ಕೂತರು. ವರ್ಷಗಟ್ಟಲೆ ಮಲಗಿದ್ದ ಫೈಲುಗಳೆಲ್ಲ ಎದ್ದು ಬಂದವು. ನಾನು ಫೈಲು ಬಿಡಿಸಿ ಹಿಡಿಯುವುದು, ಅವರು ಸಹಿ ಹಾಕುವುದು, ಪಕ್ಕದಲ್ಲಿ ಇನ್ನೊಬ್ಬ ಮುದ್ರೆ ಒತ್ತುವುದು. ಮೂರನೇ ರಾತ್ರಿ ಸ್ಟ್ಯಾಂಪ್ ಪ್ಯಾಡ್ ಒಣಗಿ ಹೋಗಿ, ಮುದ್ರೆ ಮಸುಕಾಗಿ ಬೀಳತೊಡಗಿತು. ಅವರು ಒಂದು ನೋಟನ್ನೂ ಪೂರ್ತಿ ಓದಲಿಲ್ಲ. ಮೂರು ವರ್ಷ ಯೋಚನೆ ಮಾಡಿಯೂ ತೀರ್ಮಾನಕ್ಕೆ ಬಾರದ್ದನ್ನು ಮೂರು ಸೆಕೆಂಡಿನಲ್ಲಿ ಮುಗಿಸಿದರು. ಮುಂದೆ ಬಂದವರಿಗೆ ಅವುಗಳಲ್ಲಿ ಅರ್ಧದಷ್ಟನ್ನು ರದ್ದು ಮಾಡುವುದಕ್ಕೇ ಒಂದು ವರ್ಷ ಹಿಡಿಯಿತು.

ಇದು ನಮ್ಮ ಕಚೇರಿಯಲ್ಲಿ ಮಾತ್ರ ನಡೆಯುವ ಆಟ ಅಂದುಕೊಂಡಿದ್ದೆ. ನಿವೃತ್ತಿಯಾದ ಮೇಲೆ ಓದಲು ಪುರುಸೊತ್ತು ಸಿಕ್ಕಿತು ನೋಡಿ, ಆಗ ಗೊತ್ತಾಯ್ತು, ಇದಕ್ಕೆ ಇನ್ನೂರು ವರ್ಷಕ್ಕಿಂತ ಜಾಸ್ತಿ ಇತಿಹಾಸ ಇದೆ. ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ 1800ರ ಚುನಾವಣೆಯಲ್ಲಿ ಸೋತರು. ಅಧಿಕಾರ ಬಿಡಬೇಕಿದ್ದದ್ದು 1801ರ ಮಾರ್ಚ್ 4ಕ್ಕೆ. ನಡುವೆ ಸಿಕ್ಕ ವಾರಗಳಲ್ಲಿ ತಮ್ಮ ಪಕ್ಷದವರನ್ನು ಸಾಲುಸಾಲಾಗಿ ನ್ಯಾಯಾಧೀಶರ ಹುದ್ದೆಗೆ ನೇಮಿಸಿದರು. ಜನ ಅವರಿಗೆ 'ನಡುರಾತ್ರಿ ಜಡ್ಜುಗಳು' ಅಂತ ಹೆಸರಿಟ್ಟರು. ಆದೇಶಗಳಿಗೆ ಸಹಿ ಬಿತ್ತು, ಮುದ್ರೆಯೂ ಬಿತ್ತು. ಆದರೆ ಕೆಲವನ್ನು ತಲುಪಿಸುವುದಕ್ಕೆ ಹೊತ್ತು ಸಾಲಲಿಲ್ಲ, ಮೇಜಿನ ಮೇಲೇ ಉಳಿದವು. ಮಾರನೇ ದಿನ ಬಂದ ಹೊಸ ಅಧ್ಯಕ್ಷ ಜೆಫರ್ಸನ್ ಅವನ್ನು ಕೊಡಬೇಡಿ ಅಂದರು. ಆದೇಶ ಕೈಗೆ ಸಿಗದ ಮಾರ್ಬರಿ ಎನ್ನುವವರು ಕೋರ್ಟಿಗೆ ಹೋದರು. 1803ರಲ್ಲಿ ಬಂದ ಆ ತೀರ್ಪನ್ನು ಇವತ್ತಿಗೂ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಸಂವಿಧಾನಕ್ಕೆ ಹೊಂದದ ಕಾಯ್ದೆಯನ್ನು ಕೋರ್ಟು ತಳ್ಳಿಹಾಕಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು ಅದರಲ್ಲೇ. ತೀರ್ಪು ಬರೆದವರು ಯಾರು ಗೊತ್ತಾ? ಜಾನ್ ಮಾರ್ಷಲ್. ಆ ಆದೇಶಗಳನ್ನು ತಲುಪಿಸದೆ ಮೇಜಿನ ಮೇಲೆ ಬಿಟ್ಟು ಹೋದ ಮಂತ್ರಿಯೂ ಅವರೇ! ಕಚೇರಿ ಕೆಲಸ ಮಾಡಿದವನಿಗೆ ಇದನ್ನು ಓದಿ ನಗು ತಡೆಯುವುದು ಕಷ್ಟ.

ನಿಜ, ಒಂದು ಮಾತು ಆಡಮ್ಸ್ ಪರವಾಗಿಯೂ ಹೇಳಬೇಕು. ಆ ಮಾರ್ಷಲ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದೂ ಆಡಮ್ಸ್, ಅದೂ ಸೋತ ಮೇಲೆಯೇ. ಮಾರ್ಷಲ್ ಮೂವತ್ತನಾಲ್ಕು ವರ್ಷ ಆ ಸ್ಥಾನದಲ್ಲಿದ್ದು ಕೋರ್ಟಿಗೊಂದು ತೂಕ ತಂದರು. ಹಾಗಾಗಿ ಕೊನೆಗಳಿಗೆಯಲ್ಲಿ ಏನೂ ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ಯೋಚಿಸಿ ಮಾಡಿದ್ದು ನಿಲ್ಲುತ್ತದೆ. ಹೆಸರು ಉಳಿಯಲಿ ಅಂತ ಗಡಿಬಿಡಿಯಲ್ಲಿ ಮಾಡಿದ್ದು ಕೋರ್ಟು ಹತ್ತುತ್ತದೆ. ಅಂದಹಾಗೆ, ಜೆಫರ್ಸನ್ ಪ್ರಮಾಣ ವಚನ ತೆಗೆದುಕೊಳ್ಳುವ ದಿನ ಆಡಮ್ಸ್ ಇನ್ನೂ ಬೆಳಕು ಹರಿಯುವ ಮೊದಲೇ ಊರು ಬಿಟ್ಟು ಹೋಗಿದ್ದರು. ನಮ್ಮಲ್ಲೂ ಒಬ್ಬರು ಹಾಗೇ ಹೋದರು, ಚಾರ್ಜ್ ಕೊಡುವ ಪತ್ರಕ್ಕೆ ಹಿಂದಿನ ದಿನವೇ ಸಹಿ ಹಾಕಿಟ್ಟು.

ಈಗ ಡ್ರಾಯರಿನ ಕಥೆ. ಮೊದಲ ಮುಖ್ಯಸ್ಥರು ಹೋದ ಮೇಲೆ ಅವರ ಮೇಜಿನ ಎಡಗಡೆ ಕೆಳಗಿನ ಡ್ರಾಯರಿಗೆ ಬೀಗ ಹಾಕಿತ್ತು. ಬೀಗದ ಕೈ ಸಿಗಲಿಲ್ಲ. ಹೊಸಬರು ಬೇರೆ ಡ್ರಾಯರುಗಳಲ್ಲೇ ಕೆಲಸ ನಡೆಸಿದರು. ನಾಲ್ಕು ತಿಂಗಳಾದ ಮೇಲೆ ಬಡಗಿಯನ್ನು ಕರೆಸಿ ಒಡೆಸಿದೆವು. ಒಳಗೆ ಹನ್ನೊಂದು ಫೈಲು. ಯಾವುದರಲ್ಲೂ ಹಗರಣ ಇರಲಿಲ್ಲ, ದುಡ್ಡಿನ ವಿಚಾರವೂ ಅಲ್ಲ. ಎಲ್ಲವೂ ಕಷ್ಟದ ಫೈಲುಗಳು, ಅಷ್ಟೇ. ಹೌದು ಅಂದರೆ ಒಬ್ಬರಿಗೆ ಬೇಜಾರು, ಇಲ್ಲ ಅಂದರೆ ಇನ್ನೊಬ್ಬರಿಗೆ. ಅದಕ್ಕೆ ಅವರು ಏನೂ ಅನ್ನದೆ ಒಳಗಿಟ್ಟುಬಿಟ್ಟಿದ್ದರು. ಅದರಲ್ಲೊಂದು ನಮ್ಮದೇ ಕಚೇರಿಯ ಗುಮಾಸ್ತರೊಬ್ಬರ ವರ್ಗಾವಣೆ ಅರ್ಜಿ. ಕಾಯಿಲೆ ಬಿದ್ದ ತಾಯಿಯ ಹತ್ತಿರ ಇರಬೇಕು ಅಂತ ಕೇಳಿದ್ದರು. ಫೈಲು ಹೊರಬಂದಾಗ ಆ ಗುಮಾಸ್ತರು ನಿವೃತ್ತಿಯಾಗಿ ಎರಡು ತಿಂಗಳಾಗಿತ್ತು. ನಮ್ಮ ಹದಿನಾಲ್ಕು ಪುಟದ ಪಟ್ಟಿಯಲ್ಲಿ 'ಸಿಬ್ಬಂದಿ ಕಲ್ಯಾಣ' ಅಂತ ಒಂದು ಪುಟವೇ ಇತ್ತು, ನಾನೇ ಬರೆದದ್ದು.

ಅರ್ಧಕ್ಕೆ ನಿಂತ ಕೆಲಸ ನಾಚಿಕೆಯ ವಿಷಯ ಅಂತ ನಾಯಕರಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನಾಲ್ಕೈದು ವರ್ಷದಲ್ಲಿ ಎಲ್ಲ ಮುಗಿಯುವಂತಿದ್ದರೆ ಆ ಕುರ್ಚಿಯೇ ಬೇಕಿರಲಿಲ್ಲ ಅಲ್ವಾ? ಮುಗಿಯದಿದ್ದನ್ನು ಮುಚ್ಚಿಡುವುದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಅರೆಬೆಂದದ್ದನ್ನು ಬೆಂದಿದೆ ಅಂತ ದಾಟಿಸಿ ಹೋಗುವುದು.

ಮುಗಿಯದ್ದನ್ನು ಒಪ್ಪಿಕೊಳ್ಳುವುದು, ಅರೆಬೆಂದದ್ದನ್ನು ದಾಟಿಸುವುದು, ಎರಡನ್ನೂ ಒಬ್ಬರಲ್ಲೇ ನೋಡಬೇಕೆಂದರೆ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರನ್ನು ನೋಡಿ. 1961ರ ಜನವರಿ 17ರಂದು, ಅಧಿಕಾರ ಬಿಡುವುದಕ್ಕೆ ಮೂರು ದಿನ ಮೊದಲು, ಟಿವಿಯಲ್ಲಿ ಬೀಳ್ಕೊಡುಗೆ ಭಾಷಣ ಮಾಡಿದರು. ಸೈನ್ಯ ಮತ್ತು ಶಸ್ತ್ರಾಸ್ತ್ರ ಉದ್ಯಮದ ಕೂಟದ ಬಗ್ಗೆ ಎಚ್ಚರ ಇರಲಿ ಅಂದ ಮಾತು ಎಲ್ಲರಿಗೂ ನೆನಪಿದೆ. ಐದು ನಕ್ಷತ್ರದ ಜನರಲ್ ಆಗಿದ್ದವರ ಬಾಯಲ್ಲಿ ಬಂದದ್ದರಿಂದ ಅದಕ್ಕೆ ಬೆಲೆ ಜಾಸ್ತಿ. ನನಗೆ ಹಿಡಿಸಿದ್ದು ಅದೇ ಭಾಷಣದ ಇನ್ನೊಂದು ಮಾತು. ನಿಶ್ಶಸ್ತ್ರೀಕರಣದ ವಿಷಯದಲ್ಲಿ ಮಾತ್ರ ನಿರಾಸೆಯಿಂದಲೇ ಜವಾಬ್ದಾರಿ ಇಳಿಸುತ್ತಿದ್ದೇನೆ, ಶಾಶ್ವತ ಶಾಂತಿ ಹತ್ತಿರದಲ್ಲಿದೆ ಅಂತ ಹೇಳುವ ಹಾಗಿದ್ದರೆ ಚೆನ್ನಾಗಿರುತ್ತಿತ್ತು ಅಂದರು. ಎರಡನೇ ಮಹಾಯುದ್ಧ ಗೆದ್ದ ಸೇನಾನಿ, ಎಂಟು ವರ್ಷದ ಅಧ್ಯಕ್ಷ, ಇಡೀ ದೇಶದ ಮುಂದೆ ಕೂತು ಇದು ನನ್ನ ಕೈಲಿ ಆಗಲಿಲ್ಲ ಅಂದರು. ಆಕಾಶವೇನೂ ಕೆಳಗೆ ಬೀಳಲಿಲ್ಲ.

ಆದರೆ ಅದೇ ಐಸೆನ್‌ಹೋವರ್ ಇನ್ನೊಂದು ಫೈಲನ್ನೂ ಬಿಟ್ಟು ಹೋದರು. ಕ್ಯೂಬಾದಿಂದ ಓಡಿಬಂದವರಿಗೆ ಗುಟ್ಟಾಗಿ ತರಬೇತಿ ಕೊಟ್ಟು ಕ್ಯಾಸ್ಟ್ರೊ ಸರ್ಕಾರ ಬೀಳಿಸುವ ಯೋಜನೆ ಅದು. 1960ರ ಮಾರ್ಚ್‌ನಲ್ಲಿ ಅವರೇ ಒಪ್ಪಿಗೆ ಕೊಟ್ಟಿದ್ದರು. ಹೊಸದಾಗಿ ಬಂದ ಕೆನಡಿಗೆ ಅದು ಅರ್ಧ ದಾರಿ ಸಾಗಿದ ಬಂಡಿಯಾಗಿ ಸಿಕ್ಕಿತು. ನಿಲ್ಲಿಸಲು ಧೈರ್ಯ ಸಾಲಲಿಲ್ಲ, ಪೂರ್ತಿ ನಂಬಿಕೆಯೂ ಬರಲಿಲ್ಲ. ಅಲ್ಲಿ ಇಲ್ಲಿ ತಿದ್ದಿ ಮುಂದಕ್ಕೆ ಬಿಟ್ಟರು. 1961ರ ಏಪ್ರಿಲ್ 17ರಂದು ಸುಮಾರು 1,400 ಜನ ಕ್ಯೂಬಾದ ದಂಡೆಗೆ ಇಳಿದರು. ಮೂರು ದಿನದೊಳಗೆ ಎಲ್ಲ ಮುಗಿಯಿತು, ಸಾವಿರಕ್ಕೂ ಹೆಚ್ಚು ಜನ ಸೆರೆಸಿಕ್ಕರು. ತಪ್ಪು ಕೆನಡಿಯದೇ, ಅವರೂ ಅದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆದರೆ ಓಡುತ್ತಿರುವ ಬಂಡಿಯನ್ನು ಹೊಸಬರ ಕೈಗೆ ಕೊಡುವಾಗ ಬ್ರೇಕು ಎಲ್ಲಿದೆ ಅಂತ ಹೇಳುವುದು ಹಳಬರ ಕೆಲಸ.

ನೀವು ಇಲ್ಲಿ ನನ್ನನ್ನು ತಡೆಯಬಹುದು. "ಏನ್ರೀ, ಆಗದ್ದನ್ನೆಲ್ಲ ಬರೆದುಕೊಟ್ಟರೆ ಮುಂದೆ ಬರುವವರು ಅದನ್ನೇ ಹಿಡಿದು ನನ್ನ ತಲೆ ಮೇಲೆ ಹೊಡೆಯಲ್ವಾ?" ಹೊಡೆಯಬಹುದು. ಹೊಡೆದದ್ದೂ ಇದೆ. 2010ರಲ್ಲಿ ಬ್ರಿಟನ್ನಿನಲ್ಲಿ ಲೇಬರ್ ಪಕ್ಷದ ಸರ್ಕಾರ ಹೋಗುವಾಗ, ಖಜಾನೆಯ ಮಂತ್ರಿ ಲಿಯಾಮ್ ಬರ್ನ್ ತಮ್ಮ ನಂತರ ಬರುವವರಿಗೆ ಒಂದು ಚೀಟಿ ಬಿಟ್ಟಿದ್ದರು. 'ದುಡ್ಡು ಉಳಿದಿಲ್ಲ, ನಿಮಗೆ ಒಳ್ಳೆಯದಾಗಲಿ' ಅಂತ ಅದರ ಸಾರ. ಬಿಟ್ಟು ಹೋಗುವವರು ಬರುವವರಿಗೆ ಮಾಡುವ ತಮಾಷೆ ಅದು, ಅಲ್ಲಿ ಹಳೆಯ ರೂಢಿ. ಬಂದವರು ಅದನ್ನು ಊರಿಗೆಲ್ಲ ಹೇಳಿದರು. ಐದು ವರ್ಷ ಕಳೆದ ಮೇಲೆ, 2015ರ ಚುನಾವಣೆಯಲ್ಲೂ ಎದುರಾಳಿಗಳು ಆ ಚೀಟಿಯನ್ನೇ ಎತ್ತಿ ತೋರಿಸಿದರು. ಬರ್ನ್ ತುಂಬಾ ಪೇಚಾಡಿಕೊಂಡರು.

ಹಾಗಾಗಿ ನಿಮ್ಮ ಭಯ ಸುಳ್ಳಲ್ಲ. ಆದರೆ ಗಮನಿಸಿ. ಆ ಚೀಟಿಯಲ್ಲಿ ಒಂದು ನಗೆಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಯಾವ ಲೆಕ್ಕ ಎಲ್ಲಿದೆ, ಯಾವ ಬಿಲ್ಲು ಯಾವಾಗ ಬರುತ್ತದೆ, ಯಾವುದನ್ನು ತಡೆದಿಟ್ಟಿದ್ದೇವೆ, ಯಾಕೆ, ಅಂತ ನಾಲ್ಕು ಪುಟ ಇದ್ದಿದ್ದರೆ ಅದನ್ನು ಚುನಾವಣಾ ಸಭೆಯಲ್ಲಿ ಯಾರೂ ಬೀಸುತ್ತಿರಲಿಲ್ಲ. ಬೇಜಾರಿನ ಕಾಗದಕ್ಕೆ ಚಪ್ಪಾಳೆ ಬೀಳುವುದಿಲ್ಲ ನೋಡಿ. ಕೆಲಸಕ್ಕೆ ಬರುವ ಟಿಪ್ಪಣಿಗಳೆಲ್ಲ ಬೇಜಾರಿನ ಕಾಗದಗಳೇ.

ಇನ್ನು ಹೆಸರಿನ ವಿಚಾರ. ಮನಮೋಹನ್ ಸಿಂಗ್ 2014ರ ಜನವರಿಯಲ್ಲಿ, ಪ್ರಧಾನಿಯಾಗಿ ಕೊನೆಯ ತಿಂಗಳುಗಳಲ್ಲಿ, ಇವತ್ತಿನ ಮಾಧ್ಯಮಕ್ಕಿಂತ ಇತಿಹಾಸ ನನ್ನ ಬಗ್ಗೆ ಹೆಚ್ಚು ದಯೆ ತೋರುತ್ತದೆ ಅಂತ ನಂಬಿದ್ದೇನೆ ಅಂದರು. ಆ ಮಾತಿನಲ್ಲಿ ನನಗೆ ಅಹಂಕಾರಕ್ಕಿಂತ ಆಯಾಸ ಜಾಸ್ತಿ ಕಾಣುತ್ತದೆ. ತೀರ್ಪನ್ನು ಇತಿಹಾಸದ ಕೈಗೆ ಬಿಟ್ಟರಲ್ಲ, ಅಷ್ಟರಮಟ್ಟಿಗೆ ಸರಿ. ತಮ್ಮ ತೀರ್ಪನ್ನು ತಾವೇ ಬರೆದಿಟ್ಟವರು ಜೆಫರ್ಸನ್. ಸಮಾಧಿ ಕಲ್ಲಿನ ಮೇಲೆ ಏನಿರಬೇಕು ಅಂತ ಅವರೇ ಹೇಳಿಹೋದರು: ಸ್ವಾತಂತ್ರ್ಯ ಘೋಷಣೆ ಬರೆದದ್ದು, ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ ಬರೆದದ್ದು, ವರ್ಜೀನಿಯಾ ವಿಶ್ವವಿದ್ಯಾಲಯ ಕಟ್ಟಿದ್ದು. ಇದಕ್ಕಿಂತ ಒಂದು ಪದವೂ ಜಾಸ್ತಿ ಬೇಡ ಅಂದರು. ಎಂಟು ವರ್ಷ ಅಧ್ಯಕ್ಷರಾಗಿದ್ದದ್ದೇ ಅದರಲ್ಲಿ ಇಲ್ಲ. ಎಂಥ ವಿನಯ ಅಂತ ನಾನೂ ತಲೆದೂಗಿದ್ದೆ. ಆಮೇಲೆ ಮುಂದಿನ ಸಾಲು ಓದಿದೆ. ಅವರು 1826ರ ಜುಲೈ 4ರಂದು ತೀರಿಕೊಂಡರು. ಬೆಟ್ಟದಷ್ಟು ಸಾಲ ಇತ್ತು. ಆರು ತಿಂಗಳಾದ ಮೇಲೆ, 1827ರ ಜನವರಿಯಲ್ಲಿ, ಅವರ ಮನೆಯೆದುರು ಹರಾಜು ನಡೆಯಿತು. ಪೀಠೋಪಕರಣದ ಜೊತೆಗೆ 130 ಗುಲಾಮರನ್ನೂ ಹರಾಜಿಗಿಟ್ಟರು. ಎಲ್ಲ ಮನುಷ್ಯರೂ ಸಮಾನರು ಅಂತ ಬರೆದ ಕೈ ಮುಗಿಸದೆ ಬಿಟ್ಟ ಕೆಲಸ ಅದು. ಕಲ್ಲಿನ ಮೇಲೆ ಅದಕ್ಕೆ ಜಾಗ ಇರಲಿಲ್ಲ. ಈಗ ಆ ಮನೆ ನೋಡಲು ಹೋದವರಿಗೆ ಅಲ್ಲಿನವರೇ ಆ ಗುಲಾಮರ ಕಥೆಯನ್ನೂ ಹೇಳುತ್ತಾರಂತೆ.

ಕುರ್ಚಿಯಲ್ಲಿದ್ದಾಗ ಕೈಬಿಟ್ಟದ್ದನ್ನು ಆಮೇಲೆ ಎತ್ತಿಕೊಂಡವರೂ ಇದ್ದಾರೆ. ನನಗೆ ಅವರ ಮೇಲೆ ಪ್ರೀತಿ ಜಾಸ್ತಿ. ಮಂಡೇಲಾ ಒಂದೇ ಅವಧಿಗೆ ಸಾಕು ಅಂದು 1999ರಲ್ಲಿ ಇಳಿದರು. ಕೇಳಿದ್ದರೆ ಜನ ಇನ್ನೊಂದು ಅವಧಿ ಕೊಡುತ್ತಿದ್ದರು. ಆದರೆ ಅವರ ಆ ಐದು ವರ್ಷದಲ್ಲಿ ಏಡ್ಸ್ ದಕ್ಷಿಣ ಆಫ್ರಿಕಾದ ತುಂಬ ಹರಡುತ್ತಿತ್ತು, ಅದರ ಬಗ್ಗೆ ಅವರು ಮಾತಾಡಿದ್ದು ತೀರಾ ಕಡಿಮೆ. ಇಳಿದ ಮೇಲೆ ಆ ಕೊರತೆಯನ್ನು ಒಪ್ಪಿಕೊಂಡರು. ಜೈಲಿನಲ್ಲಿದ್ದಾಗಿನ ತಮ್ಮ ಕೈದಿ ಸಂಖ್ಯೆ 46664 ಅನ್ನೇ ಹೆಸರಾಗಿ ಇಟ್ಟು 2003ರಲ್ಲಿ ಏಡ್ಸ್ ವಿರುದ್ಧ ಪ್ರಚಾರ ಶುರುಮಾಡಿದರು. 2005ರ ಜನವರಿಯಲ್ಲಿ ಅವರ ಮಗ ತೀರಿಕೊಂಡರು. ಅದೇ ದಿನ ಅಪ್ಪ ಪತ್ರಕರ್ತರನ್ನು ಕರೆದು, ನನ್ನ ಮಗ ಸತ್ತದ್ದು ಏಡ್ಸ್‌ನಿಂದ ಅಂದರು. ಆಗ ಅಲ್ಲಿ ಜನ ಆ ಕಾಯಿಲೆಯ ಹೆಸರು ಹೇಳಲೂ ಹೆದರುತ್ತಿದ್ದರು. ಎಂಬತ್ತಾರು ವರ್ಷದ ಮುದುಕ, ಮಗನ ಸಾವಿನ ದಿನ.

ಅಮೆರಿಕದ ಅಧ್ಯಕ್ಷರಾಗಿದ್ದ ಕಾರ್ಟರ್ ಅವರದ್ದು ಇನ್ನೊಂದು ಬಗೆ. ಇರಾನಿನ ಟೆಹ್ರಾನಿನಲ್ಲಿ 52 ಅಮೆರಿಕನ್ನರು ಒತ್ತೆಯಾಳುಗಳಾಗಿ 444 ದಿನ ಇದ್ದರು. ಅವರನ್ನು ಬಿಡಿಸುವುದೇ ಕಾರ್ಟರ್ ಪಾಲಿನ ಮುಗಿಯದ ಕೆಲಸ. ಚುನಾವಣೆಯಲ್ಲಿ ಸೋತಾಗಿತ್ತು. ಆದರೂ ಕೊನೆಯ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡದೆ ಮಾತುಕತೆ ನಡೆಸಿದರು. ಒಪ್ಪಂದ ಆಯಿತು. 1981ರ ಜನವರಿ 20ರಂದು ರೇಗನ್ ಪ್ರಮಾಣ ವಚನ ಮುಗಿಸಿದ ಕೆಲವೇ ನಿಮಿಷಕ್ಕೆ ವಿಮಾನ ಟೆಹ್ರಾನ್ ಬಿಟ್ಟಿತು. ಅಧ್ಯಕ್ಷನಾಗಿ ಆ ಸುದ್ದಿ ಹೇಳುವ ಭಾಗ್ಯ ಕಾರ್ಟರ್‌ಗೆ ಸಿಗಲಿಲ್ಲ. ಮಾರನೇ ದಿನ ಜರ್ಮನಿಗೆ ಹೋಗಿ, ಬಿಡುಗಡೆಯಾದವರನ್ನು ಮಾಜಿ ಅಧ್ಯಕ್ಷನಾಗಿ ಮಾತಾಡಿಸಿ ಬಂದರು. ರೇಗನ್ ಅವರೇ ಅದಕ್ಕೆ ಅವಕಾಶ ಮಾಡಿಕೊಟ್ಟಿದ್ದರು.

ಆಮೇಲೆ ಹಿಡಿದ ಕೆಲಸ ನಾರುಹುಣ್ಣಿನದು. ಕೆರೆ ಬಾವಿಗಳ ನೀರಿನಿಂದ ಮೈ ಸೇರಿ, ಕಾಲಿನಲ್ಲಿ ಹುಣ್ಣಾಗಿ, ಮೊಳದುದ್ದದ ಹುಳು ನಿಧಾನಕ್ಕೆ ಹೊರಬರುವ ಕಾಯಿಲೆ. ಲಸಿಕೆ ಇಲ್ಲ, ಔಷಧಿ ಇಲ್ಲ. ಬಟ್ಟೆಯಲ್ಲಿ ನೀರು ಸೋಸಿ ಕುಡಿಯಿರಿ ಅಂತ ಊರೂರಿಗೆ ಹೋಗಿ ಹೇಳುವುದೇ ಮುಖ್ಯ ದಾರಿ. 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನಕ್ಕೆ ಇದು ಬರುತ್ತಿತ್ತು ಅಂತ ಅಂದಾಜು. 2024ರಲ್ಲಿ ಇಡೀ ಜಗತ್ತಿನಲ್ಲಿ 15 ಪ್ರಕರಣ. 2015ರಲ್ಲಿ ತಮಗೆ ಕ್ಯಾನ್ಸರ್ ಅಂತ ಗೊತ್ತಾದಾಗ, ನನಗಿಂತ ಮೊದಲು ಕೊನೆಯ ನಾರುಹುಳು ಸಾಯಲಿ ಅಂತ ಆಸೆ ಅಂದಿದ್ದರು. 2024ರ ಡಿಸೆಂಬರ್ 29ರಂದು, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು. ಹುಳು ಇನ್ನೂ ಪೂರ್ತಿ ಹೋಗಿಲ್ಲ. ಇದನ್ನು ಸೋಲು ಅಂತ ಯಾರು ಕರೆಯುತ್ತಾರೆ ಹೇಳಿ.

ಒಬ್ಬರನ್ನು ಬಿಟ್ಟು ಅಂದೆನಲ್ಲ, ಅವರ ವಿಷಯ ಹೇಳಿ ಮುಗಿಸುತ್ತೇನೆ. ಅವರು ನನ್ನ ನಾಲ್ಕನೇ ಮುಖ್ಯಸ್ಥರು. ಇದ್ದಷ್ಟು ದಿನ ಅವರೇನು ಬಹಳ ಒಳ್ಳೆಯ ಸಾಹೇಬರಾಗಿರಲಿಲ್ಲ. ಸಿಟ್ಟು ಜಾಸ್ತಿ, ಮೀಟಿಂಗು ಅದಕ್ಕಿಂತ ಜಾಸ್ತಿ. ಹೋಗುವ ವಾರ ಸಾಧನೆಯ ಪಟ್ಟಿ ತಂದಿಡಲಾ ಅಂತ ಕೇಳಿದೆ. ಬೇಡ, ಗೆರೆ ಇರುವ ಹಾಳೆ ನಾಲ್ಕು ಕೊಡಿ ಅಂದರು. ಎರಡು ಸಂಜೆ ಕೂತು ಕೈಬರಹದಲ್ಲಿ ಬರೆದರು. ನಕಲು ಮಾಡಲು ನನ್ನ ಕೈಗೇ ಕೊಟ್ಟಿದ್ದರಿಂದ ಓದಲು ಸಿಕ್ಕಿತು. 'ಈ ಫೈಲನ್ನು ಎರಡು ವರ್ಷ ತಡೆದದ್ದು ನಾನೇ. ಕಾರಣ ನನ್ನ ಹಟ. ಅರ್ಜಿದಾರರು ಹೇಳುವುದು ಸರಿ ಇದೆ.' 'ಇದನ್ನು ಮಾಡಬೇಕೋ ಬೇಡವೋ ನನಗೆ ಇನ್ನೂ ಗೊತ್ತಿಲ್ಲ. ಸ್ಥಳಕ್ಕೆ ಹೋಗಿ ನೋಡಿ, ನಾನು ಹೋಗಲಿಲ್ಲ.' 'ಇವರು ನನ್ನ ಜೊತೆ ಜಗಳ ಆಡಿದವರು. ಆದರೆ ಲೆಕ್ಕದಲ್ಲಿ ಇವರಷ್ಟು ನಂಬಿಕಸ್ಥರು ಈ ಕಚೇರಿಯಲ್ಲಿ ಇಲ್ಲ.' ಹೀಗೇ ಹದಿನೇಳು ವಿಷಯ. ಕೊನೆಯಲ್ಲಿ ತಮ್ಮ ಮನೆಯ ಫೋನ್ ನಂಬರು, ಅದರ ಪಕ್ಕ 'ಬೆಳಿಗ್ಗೆ ಹತ್ತರ ಒಳಗೆ'.

ಐದನೆಯವರು ಆ ನಾಲ್ಕು ಹಾಳೆಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ಮುಗಿದದ್ದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ನಾನು ನಿವೃತ್ತಿಯಾಗುವ ಹೊತ್ತಿಗೆ ಹದಿನೇಳರಲ್ಲಿ ಹನ್ನೆರಡಕ್ಕೆ ಗೆರೆ ಬಿದ್ದಿತ್ತು. ನಾಲ್ಕನೆಯವರ ಕಾಲದ ಶಿಲಾಫಲಕಗಳಲ್ಲಿ ಏನು ಬರೆದಿತ್ತು ಅಂದರೆ ನನಗೆ ಒಂದಕ್ಷರವೂ ನೆನಪಿಲ್ಲ.

ಮಾನ್ಯರೇ, ನಿಮ್ಮ ಬಳಿ ಇನ್ನೂ ಕೆಲವು ದಿನ ಇವೆ. ಸಾಧನೆಯ ಪುಸ್ತಕ ಅಚ್ಚಾಗಲಿ, ಬೇಡ ಅನ್ನಲ್ಲ. ಅದರ ಜೊತೆಗೆ ಒಂದು ಸಂಜೆ ಬಾಗಿಲು ಹಾಕಿಕೊಂಡು, ಆಗದೇ ಉಳಿದದ್ದನ್ನು ನಿಮ್ಮ ಕೈಯಾರೆ ಬರೆಯಿರಿ. ಟೈಪಿಸ್ಟಿಗೆ ಕೊಡಬೇಡಿ, ಅವರು ನಯ ಮಾಡಿಬಿಡುತ್ತಾರೆ. ಮುಂದೆ ಬರುವವರು ನಿಮ್ಮ ಎದುರಾಳಿಯೇ ಆಗಿದ್ದರೂ ಬರೆಯಿರಿ. ಯಾಕೆಂದರೆ ಫೈಲಿನ ಒಳಗಿರುವ ಅರ್ಜಿದಾರರು ಇಬ್ಬರಿಗೂ ಎದುರಾಳಿಗಳಲ್ಲ.

ಮತ್ತೆ, ಮೇಜಿನ ಎಡಗಡೆ ಕೆಳಗಿನ ಡ್ರಾಯರ್. ಅದರ ಬೀಗದ ಕೈಯನ್ನು ಒಂದು ಕವರಿನಲ್ಲಿ ಹಾಕಿ, ಯಾವುದರದ್ದು ಅಂತ ಮೇಲೆ ಬರೆದು, ಆಪ್ತ ಸಹಾಯಕರ ಕೈಗೆ ಕೊಟ್ಟು ಹೋಗಿ. ಬಡಗಿಗೆ ಫೋನು ಮಾಡುವ ಕೆಲಸ ಅವರಿಗೆ ತಪ್ಪುತ್ತದೆ.

ಇಂತಿ,
ಒಬ್ಬ ನಿವೃತ್ತ ಆಪ್ತ ಸಹಾಯಕ